ಓದುಗರ ಪ್ರಶ್ನೆ: ಫಾರ್ಮಾಸಿಸ್ಟ್ ವೈದ್ಯರಿಗೆ ಫೋನ್ ಮಾಡುವುದು ಏಕೆ?

ಪ್ರಶ್ನೆ: ನನ್ನ ತಂದೆಗೆ 72 ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇದೆ, ಬಿಪಿಗೂ ಮಾತ್ರೆ ನುಂಗುತ್ತಾರೆ. ಕಳೆದ ತಿಂಗಳು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಚೀಟಿ ಕೊಟ್ಟಾಗ ಅಲ್ಲಿದ್ದ ಫಾರ್ಮಾಸಿಸ್ಟ್ ರಕ್ತಪರೀಕ್ಷೆಯ ವರದಿ ಕೇಳಿ ಪಡೆದು, ಅದನ್ನು ನೋಡಿ ವೈದ್ಯರಿಗೆ ಫೋನ್ ಮಾಡಿದರು. ಆಮೇಲೆ ಸಕ್ಕರೆ ಕಾಯಿಲೆಯ ಮಾತ್ರೆಯಾದ ಮೆಟ್‌ಫಾರ್ಮಿನ್ ಪ್ರಮಾಣ ಅರ್ಧಕ್ಕೆ ಇಳಿಯಿತು. ‘ಗೈಡ್‌ಲೈನ್‌ನಲ್ಲಿ ಹೀಗಿದೆ’ ಎಂದಷ್ಟೇ ಹೇಳಿದರು. ವೈದ್ಯರು ಬರೆದದ್ದನ್ನು ಪ್ರಶ್ನಿಸುವ ಅಧಿಕಾರ ಅವರಿಗಿದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪ್ರಶ್ನಿಸುವ ಅಧಿಕಾರ ಇದೆ, ತಾವಾಗಿಯೇ ಬದಲಿಸುವ ಅಧಿಕಾರ ಇಲ್ಲ. ಭಾರತೀಯ ಫಾರ್ಮಸಿ ಕೌನ್ಸಿಲ್ 2015ರಲ್ಲಿ ಹೊರಡಿಸಿದ ಫಾರ್ಮಸಿ ವೃತ್ತಿ ನಿಯಮಾವಳಿಯು ಔಷಧ ಕೊಡುವ ಮೊದಲು ಚೀಟಿಯನ್ನು ಪರಿಶೀಲಿಸುವುದನ್ನು ಫಾರ್ಮಾಸಿಸ್ಟರ ಕೆಲಸವೆಂದೇ ಪರಿಗಣಿಸುತ್ತದೆ. ಆದರೆ 1945ರ ಔಷಧ ನಿಯಮಗಳ 65ನೇ ನಿಯಮದ ಪ್ರಕಾರ, ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧದ ಬದಲು ಬೇರೊಂದನ್ನು ಅಂಗಡಿಯವರು ತಮ್ಮ ಇಷ್ಟದಂತೆ ಕೊಡುವಂತಿಲ್ಲ. ಈ ಎರಡು ನಿಯಮಗಳ ನಡುವೆ ಉಳಿಯುವ ದಾರಿ ಫೋನ್ ಒಂದೇ. ನಿಮ್ಮ ಫಾರ್ಮಾಸಿಸ್ಟ್ ಅದನ್ನೇ ಸರಿಯಾಗಿ ಮಾಡಿದ್ದಾರೆ.

ಇನ್ನು ಅವರು ಕಂಡದ್ದೇನು ಎಂಬುದು. ಮೆಟ್‌ಫಾರ್ಮಿನ್ ನಮ್ಮ ದೇಹದಲ್ಲಿ ವಿಘಟನೆಗೊಳ್ಳದೆ, ಇದ್ದ ಹಾಗೆಯೇ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧ. ಮೂತ್ರಪಿಂಡದ ಶಕ್ತಿ ಕುಗ್ಗಿದಾಗ ಅದು ರಕ್ತದಲ್ಲಿ ಸಂಗ್ರಹವಾಗುತ್ತದೆ, ಮತ್ತು ಅಪರೂಪಕ್ಕಾದರೂ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಅಪಾಯಕಾರಿ ಮಟ್ಟಕ್ಕೆ ಏರಬಹುದು. ಮೂತ್ರಪಿಂಡದ ಸೋಸುವ ಶಕ್ತಿಯನ್ನು ಅಂದಾಜು ಮಾಡುವ ಇಜಿಎಫ್‌ಆರ್ ಎಂಬ ಸಂಖ್ಯೆ 30ಕ್ಕಿಂತ ಕೆಳಗಿಳಿದರೆ ಮೆಟ್‌ಫಾರ್ಮಿನ್ ಕೊಡಲೇಬಾರದು, 30ರಿಂದ 45ರ ನಡುವೆ ಇದ್ದರೆ ಹೊಸದಾಗಿ ಆರಂಭಿಸಬಾರದು, ಈಗಾಗಲೇ ತೆಗೆದುಕೊಳ್ಳುತ್ತಿರುವವರಲ್ಲಿ ಲಾಭ ಮತ್ತು ಅಪಾಯವನ್ನು ಮತ್ತೆ ತೂಗಿ ನೋಡಿ, ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ಇಳಿಸಬೇಕು ಎನ್ನುವುದು ಇಂದು ವ್ಯಾಪಕವಾಗಿ ಪಾಲಿಸಲಾಗುತ್ತಿರುವ ಮಾರ್ಗಸೂಚಿ. ಲ್ಯಾಬ್ ವರದಿಗಳಲ್ಲಿ ಹಲವು ಬಾರಿ ಕ್ರಿಯಾಟಿನೈನ್ (ಮೂತ್ರಪಿಂಡ ಸೋಸಿ ಹೊರಹಾಕುವ, ರಕ್ತದಲ್ಲಿನ ತ್ಯಾಜ್ಯ) ಮಾತ್ರ ಮುದ್ರಿತವಾಗಿರುವುದರಿಂದ, ಅದಕ್ಕೆ ವಯಸ್ಸನ್ನೂ ಸೇರಿಸಿ ಈ ಲೆಕ್ಕವನ್ನು ಫಾರ್ಮಾಸಿಸ್ಟರೇ ಹಾಕಿಕೊಳ್ಳಬೇಕಾಗುತ್ತದೆ. ಕ್ರಿಯಾಟಿನೈನ್ 1.7 ಇದೆ ಎಂದಿಟ್ಟುಕೊಳ್ಳಿ. 35 ವರ್ಷದ ಗಂಡಸಿನಲ್ಲಿ ಅದು ಸುಮಾರು 53ರ ಇಜಿಎಫ್‌ಆರ್ ಆಗುತ್ತದೆ, 72 ವರ್ಷದವರಲ್ಲಿ ಸುಮಾರು 42. ವರದಿಯ ಹಾಳೆಯಲ್ಲಿ ಅಂಕಿ ಒಂದೇ, ಆದರೆ ಒಬ್ಬರಿಗೆ ಹಳೆಯ ಪ್ರಮಾಣ ನಡೆಯುತ್ತದೆ, ಇನ್ನೊಬ್ಬರಿಗೆ ನಡೆಯುವುದಿಲ್ಲ.

ಮಾರ್ಗಸೂಚಿಯ ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಅದನ್ನು ಬಲ್ಲ ಫಾರ್ಮಾಸಿಸ್ಟ್ ಮುಂದೆ ಕೇಳುವ ಪ್ರಶ್ನೆ ಬಹುಶಃ ನಿಮಗೆ ಸಂಬಂಧವಿಲ್ಲದ್ದೆಂದು ತೋರಬಹುದು: ‘ಮಂಡಿನೋವಿಗೆ ಏನಾದರೂ ತೆಗೆದುಕೊಳ್ಳುತ್ತಾರೆಯೇ?’ ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆ ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆಗೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಸೇರಿದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಹೊರೆ ಬೀಳುತ್ತದೆ. ನೋವಿನ ಮಾತ್ರೆಯನ್ನು ಹಿರಿಯರು ಹೆಚ್ಚಾಗಿ ಮನೆ ಹತ್ತಿರದ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವುದರಿಂದ ಅದು ಯಾವ ವೈದ್ಯರ ಕಡತದಲ್ಲಿಯೂ ಇರುವುದಿಲ್ಲ. ಹಾಗಾಗಿ ಮುಂದಿನ ಬಾರಿ ಹೋಗುವಾಗ ಚೀಟಿಯ ಜೊತೆಗೆ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ವೈದ್ಯರು ಫೋನಿನಲ್ಲಿ ‘ಇರಲಿ, ಅದೇ ಪ್ರಮಾಣ ಕೊಡಿ’ ಎನ್ನುವ ಸಂದರ್ಭವೂ ಇದೆ. ಎರಡು ವಾರದ ಹಿಂದೆ ವಾಂತಿಭೇದಿಯಾಗಿ ಕ್ರಿಯಾಟಿನೈನ್ ತಾತ್ಕಾಲಿಕವಾಗಿ ಏರಿತ್ತು, ಹೊಸ ವರದಿ ಸರಿಯಿದೆ ಎನ್ನುವಂಥ ಕಾರಣ ಅವರಲ್ಲಿರಬಹುದು. ಕಾರಣ ತಿಳಿದ ಮೇಲೆ ಅದನ್ನು ಬರೆದಿಟ್ಟುಕೊಂಡು ಔಷಧ ಕೊಡುವುದೂ ಮಾರ್ಗಸೂಚಿಯನ್ನು ಬಳಸುವ ರೀತಿಯೇ. ಮಾರ್ಗಸೂಚಿ ಬರೆದವರ ಮುಂದೆ ಇದ್ದದ್ದು ಸಾವಿರಾರು ರೋಗಿಗಳ ಮಾಹಿತಿ, ನಿಮ್ಮ ತಂದೆಯವರಲ್ಲ.

ಪ್ರಶ್ನೆ: ನೆಗಡಿ, ಗಂಟಲು ನೋವಿಗೆ ಹಿಂದೆ ಕೇಳಿದ ತಕ್ಷಣ ಸೆಫಿಕ್ಸಿಮ್ ಎಂಬ ಆಂಟಿಬಯಾಟಿಕ್ ಕೊಡುತ್ತಿದ್ದ ಅಂಗಡಿಯವರು ಈಗ ಚೀಟಿ ತನ್ನಿ ಎನ್ನುತ್ತಾರೆ, ತಂದರೆ ಹೆಸರು ಬರೆದುಕೊಳ್ಳುತ್ತಾರೆ. ಇದೇಕೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ಹಿಂದೆ ಕೊಡುತ್ತಿದ್ದದ್ದೇ ತಪ್ಪು. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಎಚ್1 ಅನುಸೂಚಿಯಲ್ಲಿ (ಚೀಟಿ ನೋಡಿ, ದಾಖಲೆ ಇಟ್ಟುಕೊಂಡೇ ಮಾರಬೇಕಾದ ಔಷಧಗಳ ಪಟ್ಟಿ) ಸೆಫಿಕ್ಸಿಮ್ ಇದೆ. ಇದನ್ನು ಮಾರಿದಾಗ ಚೀಟಿ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಅದರ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. (ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಇಡೀ ದಿನದ ರಿಜಿಸ್ಟರನ್ನು ಒಂದೇ ಕೈಬರಹದಲ್ಲಿ ತುಂಬುವ ಅಂಗಡಿಗಳೂ ಇವೆ, ಅದರಿಂದ ಯಾರಿಗೂ ಪ್ರಯೋಜನವಿಲ್ಲ.) ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆಂಟಿಬಯಾಟಿಕ್‌ಗಳನ್ನು ಮೊದಲು ಬಳಸಬಹುದಾದವು, ಎಚ್ಚರಿಕೆಯಿಂದ ಬಳಸಬೇಕಾದವು, ಕೊನೆಯ ಆಸರೆಯಾಗಿ ಕಾಯ್ದಿಡಬೇಕಾದವು ಎಂದು ಮೂರು ಗುಂಪು ಮಾಡಿದೆ. ಅಮಾಕ್ಸಿಸಿಲಿನ್ ಮೊದಲ ಗುಂಪಿನಲ್ಲಿದ್ದರೆ ಸೆಫಿಕ್ಸಿಮ್ ಎರಡನೆಯದರಲ್ಲಿದೆ. ನೆಗಡಿಯಾದರೋ ವೈರಸ್‌ನಿಂದ ಬರುವುದರಿಂದ ಈ ಮೂರು ಗುಂಪಿನ ಯಾವ ಔಷಧವೂ ಅದಕ್ಕೆ ಬೇಕಿಲ್ಲ.

ಪ್ರಶ್ನೆ: ನಾನು ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ವಿದ್ಯಾರ್ಥಿನಿ. ಒಂದು ಮಾರ್ಗಸೂಚಿ ಹೇಳಿದ್ದನ್ನು ಇನ್ನೊಂದು ಒಪ್ಪುವುದಿಲ್ಲ. ವಾರ್ಡಿನಲ್ಲಿ ಯಾವುದನ್ನು ಹಿಡಿಯಬೇಕು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಮೊದಲು ಅದು ಯಾರಿಗಾಗಿ ಬರೆದದ್ದು ಎಂದು ನೋಡಿ. ಅಮೆರಿಕದ ಹೃದ್ರೋಗ ಸಂಘಗಳ 2017ರ ಮಾರ್ಗಸೂಚಿಯು 130/80ರಿಂದಲೇ ಅಧಿಕ ರಕ್ತದೊತ್ತಡ ಎಂದು ಕರೆದರೆ, ನಮ್ಮ ದೇಶದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮವು 140/90ನ್ನು ಗಡಿಯಾಗಿಟ್ಟುಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವ ಅಮ್ಲೋಡಿಪಿನ್, ಟೆಲ್ಮಿಸಾರ್ಟನ್‌ಗಳಂಥ ಕೆಲವೇ ಔಷಧಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಬಳಸುವ ಸರಳ ಕ್ರಮವನ್ನು ಇಟ್ಟುಕೊಂಡಿದೆ. ಎರಡರಲ್ಲಿ ಒಂದು ತಪ್ಪೆಂದಲ್ಲ. ಒಂದು ವೈಯಕ್ತಿಕ ಅಪಾಯವನ್ನು ಎಣಿಸುತ್ತದೆ, ಇನ್ನೊಂದು ತಿಂಗಳು ತಿಂಗಳೂ ಮಾತ್ರೆ ತಪ್ಪದೆ ಸಿಗುವುದನ್ನೂ ಎಣಿಸುತ್ತದೆ.

ಸೋಂಕಿನ ವಿಷಯದಲ್ಲಿ ಮಾತ್ರ ಊರು ಬಹಳ ಮುಖ್ಯ. ಟೈಫಾಯ್ಡ್‌ಗೆ ಸಿಪ್ರೊಫ್ಲಾಕ್ಸಸಿನ್ ಎಂದು ಹಳೆಯ ಪಠ್ಯಗಳಲ್ಲಿ ಓದಿರುತ್ತೀರಿ, ಆದರೆ ನಮ್ಮಲ್ಲಿ ಆ ರೋಗಾಣು ಅದಕ್ಕೆ ಬಗ್ಗುವುದು ಕಡಿಮೆಯಾಗಿರುವುದರಿಂದ ಸೆಫ್‌ಟ್ರಯಾಕ್ಸೋನ್ ಅಥವಾ ಅಜಿತ್ರೊಮೈಸಿನ್ ಬಳಕೆಗೆ ಬಂದಿದೆ. ಆದ್ದರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಆಂಟಿಬಯಾಟಿಕ್ ಮಾರ್ಗಸೂಚಿಯ ಪಕ್ಕದಲ್ಲಿ ನಿಮ್ಮ ಆಸ್ಪತ್ರೆಯ ಸೂಕ್ಷ್ಮಜೀವಿ ವಿಭಾಗದ ಆಂಟಿಬಯೋಗ್ರಾಮ್ (ಅಲ್ಲಿನ ರೋಗಾಣುಗಳು ಯಾವ ಔಷಧಕ್ಕೆ ಬಗ್ಗುತ್ತವೆ ಎಂಬ ಪಟ್ಟಿ) ಇರಲಿ, ಮತ್ತು ಎರಡರ ಮೇಲೂ ಇರುವ ವರ್ಷವನ್ನು ಓದಿ. ಶಿಫಾರಸಿನ ಪಕ್ಕದಲ್ಲಿ ಅದರ ಆಧಾರ ಎಷ್ಟು ಗಟ್ಟಿ ಎಂದು ಸೂಚಿಸುವ ಅಕ್ಷರವೋ ಅಂಕಿಯೋ ಇರುತ್ತದೆ. ಅದನ್ನು ಬಿಟ್ಟು ದಪ್ಪ ಅಕ್ಷರದ ಸಾಲನ್ನು ಮಾತ್ರ ಓದಿ ರೌಂಡ್ಸ್‌ನಲ್ಲಿ ಹಿರಿಯ ವೈದ್ಯರೊಡನೆ ವಾದಕ್ಕಿಳಿಯುವುದು ವಿದ್ಯಾರ್ಥಿಗಳು ಬೇಗ ಬಿಡಬೇಕಾದ ಅಭ್ಯಾಸ.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳಿಗೆ ಉರಿಮೂತ್ರವಾದಾಗ ಔಷಧ ಅಂಗಡಿಯವರೇ ವಿಚಾರಿಸಿ ಆಂಟಿಬಯಾಟಿಕ್ ಕೊಟ್ಟರಂತೆ. ಅಲ್ಲಿ ಚೀಟಿ ಬೇಡವೇ?
– ಓದುಗರೊಬ್ಬರು, ಉಡುಪಿ

ಉತ್ತರ: ಅದು 2024ರ ಜನವರಿ 31ರಂದು ಆರಂಭವಾದ ‘ಫಾರ್ಮಸಿ ಫಸ್ಟ್’ ಸೇವೆ. ಗಂಟಲು ನೋವು, ಕಿವಿನೋವು, ಸರ್ಪಸುತ್ತು ಸೇರಿದಂತೆ ಏಳು ತೊಂದರೆಗಳಿಗೆ ಮಾತ್ರ ಅನ್ವಯಿಸುತ್ತದೆ. ಉರಿಮೂತ್ರದ ವಿಷಯದಲ್ಲಿ 16ರಿಂದ 64 ವರ್ಷದೊಳಗಿನ ಹೆಂಗಸರಿಗಷ್ಟೇ ಅವಕಾಶ. ಗರ್ಭಿಣಿಯಾಗಿದ್ದರೆ, ಅಥವಾ ಜ್ವರ, ಚಳಿ, ಸೊಂಟದ ಮೇಲ್ಭಾಗದ ನೋವು ಇದ್ದರೆ ವೈದ್ಯರ ಬಳಿಗೆ ಕಳುಹಿಸಲೇಬೇಕು. ಉರಿ, ರಾತ್ರಿ ಹೊಸದಾಗಿ ಮೂತ್ರಕ್ಕೆ ಏಳುವುದು, ಮೂತ್ರ ಕಣ್ಣಿಗೆ ಕಾಣುವಂತೆ ಕದಡಿರುವುದು, ಈ ಮೂರರಲ್ಲಿ ಕನಿಷ್ಠ ಎರಡಿದ್ದರೆ ಮೂರು ದಿನದ ನೈಟ್ರೊಫ್ಯುರಾಂಟೊಯಿನ್ ಕೊಡಬಹುದು. ಅಂದರೆ ಅಲ್ಲಿ ಮಾರ್ಗಸೂಚಿಯೇ ಚೀಟಿಯ ಜಾಗದಲ್ಲಿ ನಿಂತಿದೆ, ಅದೂ ಬಿಗಿಯಾದ ಬೇಲಿಯೊಳಗೆ. ನಮ್ಮ ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲ. ಅರ್ಹ ಫಾರ್ಮಾಸಿಸ್ಟ್ ದಿನವಿಡೀ ಕೌಂಟರಿನಲ್ಲಿ ಇರುವುದೇ ಎಲ್ಲ ಕಡೆ ಖಾತ್ರಿಯಿಲ್ಲದಿರುವಾಗ ಸದ್ಯಕ್ಕೆ ಇರದಿರುವುದೇ ಒಳ್ಳೆಯದೆಂದು ನನಗನ್ನಿಸುತ್ತದೆ.

ಪ್ರಶ್ನೆ: ಮೂರು ವರ್ಷದ ಮಗಳ ಜ್ವರಕ್ಕೆ ಸಿರಪ್ ಕೇಳಿದರೆ ಫಾರ್ಮಾಸಿಸ್ಟ್ ವಯಸ್ಸು ಬಿಟ್ಟು ತೂಕ ಕೇಳಿದರು.
– ಓದುಗರೊಬ್ಬರು, ಶಿರಸಿ

ಉತ್ತರ: ಪ್ಯಾರಾಸಿಟಮಾಲ್ ಪ್ರಮಾಣವನ್ನು ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಮಗು 14 ಕಿಲೋ ಇದ್ದರೆ ಹೆಚ್ಚೆಂದರೆ 210 ಮಿಲಿಗ್ರಾಂ. ಅಂಗಡಿಯಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ. ಮೊದಲನೆಯದರಲ್ಲಿ ಇದು ಸುಮಾರು 8.5 ಮಿಲಿಲೀಟರ್, ಎರಡನೆಯದರಲ್ಲಿ ಸುಮಾರು 4. ಹಳೆಯ ಬಾಟಲಿಯ ಅಳತೆಯನ್ನೇ ಹೊಸ ಬಾಟಲಿಗೂ ಬಳಸಿದರೆ ಪ್ರಮಾಣ ಇಮ್ಮಡಿಯಾಗುತ್ತದೆ. ಆದ್ದರಿಂದ ಪ್ರತಿ ಸಲವೂ ಬಾಟಲಿಯ ಮೇಲಿನ ಮಿಲಿಗ್ರಾಂ ಸಾಲನ್ನು ಓದಿ, ಎಷ್ಟು ಮಿಲಿಲೀಟರ್ ಎಂಬುದನ್ನು ಅಂಗಡಿಯಲ್ಲೇ ಪೆನ್ನಿನಿಂದ ಬರೆಸಿಕೊಳ್ಳಿ, ಅಡುಗೆಮನೆಯ ಚಮಚ ಬಿಟ್ಟು ಅದರ ಜೊತೆ ಬಂದ ಅಳತೆಯ ಮುಚ್ಚಳವನ್ನೇ ಬಳಸಿ. ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರವಿರಲಿ. ಜೊತೆಗೆ ನೆಗಡಿಯ ಸಿರಪ್ ಕೊಡುವ ಯೋಚನೆ ಇದ್ದರೆ ಕೈಬಿಡಿ: ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿದ ಸಿರಪ್‌ಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿಯೇ ತಿಳಿಸಿದೆ, ಮತ್ತು ಅಂಥ ಕೆಲವು ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ.