ಒಳಗೆ ಹಳ್ಳ, ಹೊರಗೆ ದಿಬ್ಬ: ಅದು ಕೋಟೆಯಲ್ಲ, ಜಿಂಕೆವನದ ಎಲ್ಲೆ

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ನಿಮ್ಮ ಮನೆಯ ಹಿಂದಿನ ಕಾಡಂಚಿನಲ್ಲಿ ಬಾಗಿ ಸಾಗುವ ಮಣ್ಣಿನ ದಿಬ್ಬ ಹಳೆಯ ಕೋಟೆಯದೇ ಎಂದು ಪ್ರಶ್ನಿಸಿದ್ದೀರಿ. ಮೊದಲು ಹಳ್ಳ ಯಾವ ಬದಿಗಿದೆ ನೋಡಿ. ಕೋಟೆಗೆ ಸಾಮಾನ್ಯವಾಗಿ ಹೊರಗೆ ಕಂದಕ. ನಮ್ಮ ಮಲೆನಾಡಿನ ತೋಟದ ಅಗಳವೂ ದನ ಒಳಗೆ ನುಗ್ಗದಿರಲೆಂದೇ. ಜಿಂಕೆವನದಲ್ಲಿ, ಅಂದರೆ ಮಧ್ಯಯುಗದ ಸಿರಿವಂತರು ಬೇಟೆಗೂ ಮಾಂಸಕ್ಕೂ ಜಿಂಕೆ ಕೂಡಿಡುತ್ತಿದ್ದ ಬೇಲಿಯ ವನದಲ್ಲಿ, ಇದು ತಿರುವುಮುರುವು: ಹಳ್ಳ ಒಳಗೆ, ದಿಬ್ಬ ಹೊರಗೆ, ಅದರ ಮೇಲೆ ಸೀಳಿದ ಓಕ್ ಮರದ ಬೇಲಿ. ಒಳಗಿನ ಜಿಂಕೆ ತಗ್ಗಿನಿಂದ ಅಷ್ಟೆತ್ತರ ಹಾರಲಾರದು. ಈ ಎಲ್ಲೆಯನ್ನು ಅಲ್ಲಿ 'ಪೇಲ್' ಎನ್ನುತ್ತಾರೆ. ಕೆಲವೆಡೆ ಹೊರಗಿನ ಜಿಂಕೆ ಒಳಕ್ಕೆ ಜಿಗಿದು ಮತ್ತೆ ಹೊರಬರಲಾಗದಂತೆ 'ಡಿಯರ್ ಲೀಪ್' ಕಟ್ಟುತ್ತಿದ್ದರು. ಎಷ್ಟು ಜಾಣ ಏರ್ಪಾಡು!

ನಿಮ್ಮ ಜಿಲ್ಲೆಯ ಆಂಗರ್‌ನಲ್ಲಿ ಜಿಂಕೆಯ ಆವರಣವಿತ್ತೆಂದು 1045ರ ಒಂದು ಉಯಿಲಿನಲ್ಲೇ ಇದೆ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಫ್ಯಾಲೋ ಎಂಬ ಜಾತಿಯ ಜಿಂಕೆಗಳನ್ನು ತಂದ ಮೇಲೆ ಇಂಥ ವನಗಳು ಹೆಚ್ಚಿದವು. 1300ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಸುಮಾರು 3,000 ಇದ್ದವೆಂದು ಅಂದಾಜು. ಬೇಲಿಯ ಖರ್ಚು ವಿಪರೀತವಾದ್ದರಿಂದ ಮೂಲೆಗಳನ್ನು ದುಂಡಗೆ ಮಾಡಿ ಸುತ್ತಳತೆ ಉಳಿಸುತ್ತಿದ್ದರು. ನೀವು ಕಂಡ ಬಾಗು ಅದೇ ಇರಬಹುದು.

ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ ಹಳೆಯ ನಕ್ಷೆಯಲ್ಲಿ 'ಪಾರ್ಕ್', 'ಪೇಲ್', 'ಲಾಡ್ಜ್' (ವನ ಕಾಯುವವನ ಮನೆ) ಸೇರಿದ ಜಾಗದ ಹೆಸರುಗಳನ್ನು ಹುಡುಕಿ. ವಿಮಾನದಿಂದ ಲೇಸರ್ ಬೀರಿ ನೆಲದ ಏರಿಳಿತ ಅಳೆದು ಮಾಡಿದ, ಉಚಿತವಾಗಿ ಸಿಗುವ ಲೈಡಾರ್ ಚಿತ್ರಗಳಲ್ಲಿ ಉಳುಮೆಗೆ ಸವೆದ ದಿಬ್ಬವೂ ಗೆರೆಯಾಗಿ ಕಾಣುತ್ತದೆ. ದಯವಿಟ್ಟು ಅಲ್ಲಿ ಅಗೆಯಬೇಡಿ. ಚಳಿಗಾಲದಲ್ಲಿ ಎಲೆ ಉದುರಿದಾಗ, ಇಳಿಬಿಸಿಲಿನಲ್ಲಿ ಒಮ್ಮೆ ಪೂರ್ತಿ ಸುತ್ತಿ ಬನ್ನಿ. ಹಳ್ಳ ಯಾವ ಕಡೆಗಿತ್ತೆಂದು ಇಲ್ಲೇ ಬರೆಯಿರಿ.