ಕೇಳಿದ್ದಕ್ಕೆ ಉತ್ತರ: ಮೊಣಕಾಲೆತ್ತರದ ಊರು

ಪ್ರಶ್ನೆ: ಮಗಳು ಲಂಡನ್ನಿನಲ್ಲಿದ್ದಾಳೆ. ಜೂನ್‌ನಲ್ಲಿ ಆರು ವರ್ಷದ ಮೊಮ್ಮಗನ ಜೊತೆ ಹೋಗುತ್ತಿದ್ದೇವೆ. ಬೆಕನ್‌ಸ್ಕಾಟ್ ಅನ್ನುವ ಪುಟಾಣಿ ಊರು ತೋರಿಸುತ್ತೇನೆ ಅಂತಾಳೆ. ಅಷ್ಟು ದೂರ ಹೋಗಿ ಬೊಂಬೆಮನೆ ನೋಡಬೇಕಾ? ನೀವು ನೋಡಿದ್ದೀರಂತೆ.
ಓದುಗರು, ಮಂಡ್ಯ

ಉತ್ತರ: ನೋಡಿದ್ದೇನೆ ಸ್ವಾಮಿ. ನಾನೂ ಮೂಗು ಮುರಿದುಕೊಂಡೇ ಹೋಗಿದ್ದೆ. ಆಮೇಲೆ ಬಾಗಿಲು ಹಾಕುವ ಹೊತ್ತಿಗೆ ನನ್ನನ್ನು ಹೊರಡಿಸಲು ಮಗ ಮೂರು ಸಲ ಕೂಗಬೇಕಾಯಿತು.

ಮೇರಿಲ್‌ಬೋನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಬೆಕನ್ಸ್‌ಫೀಲ್ಡ್‌ನಲ್ಲಿ ಇಳಿಯಬೇಕು. ಅಲ್ಲಿ ರೋಲಂಡ್ ಕ್ಯಾಲಿಂಗ್‌ಹ್ಯಾಮ್ ಎಂಬ ಅಕೌಂಟೆಂಟ್ ತಮ್ಮ ಮನೆಯ ತೋಟದಲ್ಲಿ ಕಟ್ಟಿಸಿದ ಊರು ಇದು. 1929ರಲ್ಲಿ ಶುರುವಾಯಿತು. ಲೆಕ್ಕ ಬರೆಯುವವರಿಗೂ ಇಂಥ ಹುಚ್ಚು ಇರುತ್ತದೆ ನೋಡಿ! ಅಳತೆ ಒಂದಡಿಗೆ ಒಂದಿಂಚು. ಆರಡಿ ಆಳು ಅರ್ಧ ಅಡಿ ಆಗುತ್ತಾನೆ, ಮನೆಗಳು ನಮ್ಮ ಮೊಣಕಾಲಿಗೆ ಬರುತ್ತವೆ. ಒಂದು ಕಡೆ ಕ್ರಿಕೆಟ್ ನಡೆದಿದೆ. ಇನ್ನೊಂದು ಕಡೆ ಹುಲ್ಲಿನ ಮನೆಗೆ ಬೆಂಕಿ ಬಿದ್ದು ಫೈರ್ ಇಂಜಿನ್ ಬಂದಿದೆ. ಅಂಗಡಿ ಬೋರ್ಡುಗಳನ್ನು ಬಿಡದೆ ಓದಿ. ಮಾಂಸದಂಗಡಿಯ ಹೆಸರು 'ಸ್ಯಾಮ್ ಅಂಡ್ ಎಲ್ಲಾ'. ಬೇಗ ಬೇಗ ಹೇಳಿ ನೋಡಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಆಗುತ್ತದೆ.

ನಡುವೆ ಕಾಲಕ್ಕೆ ತಕ್ಕಂತೆ ಹೊಸ ಕಟ್ಟಡಗಳನ್ನೂ ಸೇರಿಸಿದ್ದರಂತೆ. 1992ರಲ್ಲಿ ಅದು ಬೇಡ ಅಂತ ಊರನ್ನು 1930ರ ದಶಕಕ್ಕೇ ವಾಪಸ್ ಒಯ್ದರು. ಒಳ್ಳೆಯದೇ ಮಾಡಿದರು.

ಇನ್ನು ಆ ಊರಿನ ಪುಟಾಣಿ ರೈಲು. ದೊಡ್ಡ ಸ್ಟೇಷನ್ನಿನ ಹೆಸರು ಮೇರಿಲೂ. ಮೇರಿಲ್‌ಬೋನ್‌ಗೆ ಲಂಡನ್ನಿನ ಇನ್ನೊಂದು ಸ್ಟೇಷನ್ ವಾಟರ್‌ಲೂ ಕಸಿ ಕಟ್ಟಿದ್ದಾರೆ! ಅಲ್ಲಿಂದ ಹೊರಟ ರೈಲು ಗುಡ್ಡದ ಹಿಂದೆ ಮರೆಯಾಗುತ್ತದೆ. ಆಗ ಮಕ್ಕಳ ಮುಖ ನೋಡಬೇಕು. ಎಲ್ಲಿಂದ ಬರುತ್ತೆ, ಯಾವಾಗ ಬರುತ್ತೆ ಅಂತ ಕತ್ತು ಚಾಚಿ ನಿಂತಿರುತ್ತಾರೆ. ನನ್ನ ಪಕ್ಕದ ಹುಡುಗಿ ಉಸಿರೇ ಬಿಡಲಿಲ್ಲ.

ಛತ್ರಿ ಇರಲಿ. ಚಳಿಗಾಲದಲ್ಲಿ ಮುಚ್ಚಿರುತ್ತಾರೆ, ಜೂನ್ ಅಂದರೆ ತೊಂದರೆಯಿಲ್ಲ. ಮಂಡಿ ನೋವಿಲ್ಲದಿದ್ದರೆ ಅಲ್ಲಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ. ನಿಂತು ನೋಡಿದರೆ ಬರೀ ಹೆಂಚು ಕಾಣುತ್ತದೆ.

ಪ್ರಶ್ನೆ: ದಸರಾ ಬೊಂಬೆಗಳ ಮುಂದೆ ಓಡಿಸಲು ಆನ್‌ಲೈನ್‌ನಲ್ಲಿ ರೈಲು ತರಿಸಿದೆ. ಹಳಿ ಒಂದು ಬೆರಳಗಲ ಇದೆ. ಬೊಂಬೆಗಳ ಪಕ್ಕ ಯಾಕೋ ಕಳೆ ಕಟ್ಟುತ್ತಿಲ್ಲ.
ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನೀವು ತರಿಸಿದ್ದು ಎಚ್‌ಓ ಅನ್ನುವ ಅಳತೆಯ ಮಾದರಿ ರೈಲು ಇರಬೇಕು. ಅದರ ಹಳಿ ಹದಿನಾರೂವರೆ ಮಿಲಿಮೀಟರ್. ಅಸಲಿ ರೈಲಿನ 87ನೇ ಒಂದು ಪಾಲು. ಆ ಲೆಕ್ಕಕ್ಕೆ ಮನುಷ್ಯ ಎರಡು ಸೆಂಟಿಮೀಟರ್ ಇರಬೇಕು. ನಾಲ್ಕಿಂಚಿನ ಚನ್ನಪಟ್ಟಣದ ಬೊಂಬೆ ಅದರ ಪಕ್ಕ ಕುಂಭಕರ್ಣನೇ ಅಲ್ವಾ? 45 ಮಿಲಿಮೀಟರ್ ಹಳಿಯ ದೊಡ್ಡ ರೈಲಾದರೆ ಹೆಚ್ಚುಕಮ್ಮಿ ಹೊಂದುತ್ತದೆ. ದುಡ್ಡು ಜಾಸ್ತಿ ಅನ್ನಿಸಿದರೆ ಇರುವ ರೈಲನ್ನೇ ಬೇರೆ ಮಣೆಯ ಮೇಲೆ ದೂರ ಇಡಿ.

ಸುಮ್ನೆ ರೌಂಡ್ ಹೊಡೆಸಬೇಡಿ. ಎರಡೇ ಸುತ್ತಿಗೆ ಬೇಜಾರಾಗುತ್ತದೆ. ಒಂದು ರಟ್ಟಿನ ಡಬ್ಬ ಕತ್ತರಿಸಿ ಸುರಂಗ ಮಾಡಿ. ಮೇಲೆ ಪ್ಲಾಸ್ಟಿಕ್ ಹಾಸಿ, ಮಣ್ಣು ಹರಡಿ, ಹಬ್ಬಕ್ಕೆ ನಾಲ್ಕೈದು ದಿನ ಮುಂಚೆ ರಾಗಿ ಚೆಲ್ಲಿ. ಹಸಿರು ಗುಡ್ಡ ಸಿದ್ಧ. ಪ್ಲಾಸ್ಟಿಕ್ ಮರೆಯಬೇಡಿ. ನಾನು ಮರೆತಿದ್ದೆ. ಮೂರನೇ ದಿನ ರಟ್ಟು ನೆನೆದು ಕುಸಿಯಿತು. ರೈಲು ಹಳಿ ತಪ್ಪಿ ಶೆಟ್ಟರ ಅಂಗಡಿಗೆ ನುಗ್ಗಿತು. ಕಡಲೆಬೇಳೆ ಎಲ್ಲಾ ಚೆಲ್ಲಾಪಿಲ್ಲಿ, ಶೆಟ್ಟಮ್ಮ ಬೋರಲು. ಆರತಿಗೆ ಬಂದಿದ್ದ ಮಕ್ಕಳಿಗೆ ಅದೇ ಇಷ್ಟವಾಗಿ 'ಇನ್ನೊಂದ್ಸಲ' ಅಂದವು.

ಪ್ರಶ್ನೆ: ಲಂಡನ್ ನಮಗೆ ಎಟುಕುವುದಿಲ್ಲ. ಇಲ್ಲೇ ಏನಿದೆ?
ಓದುಗರು, ಪಾಂಡವಪುರ

ಉತ್ತರ: ಪುಟಾಣಿ ಊರೇ ಬೇಕೆಂದರೆ ಪುಣೆಯ ಕೋಥ್ರೂಡ್‌ಗೆ ಹೋಗಿ. ಅಲ್ಲಿ 1998ರಿಂದ ಜೋಶಿ ಅವರ ಪುಟಾಣಿ ರೈಲಿನ ಮ್ಯೂಸಿಯಂ ಇದೆ. ಇಲ್ಲೇ ಸಾಕೆಂದರೆ ಮೈಸೂರು ಸ್ಟೇಷನ್ ಹತ್ತಿರ, ಕೆಆರ್‌ಎಸ್ ರಸ್ತೆಯಲ್ಲಿ ರೈಲ್ವೆ ಮ್ಯೂಸಿಯಂ, 1979ರದ್ದು. ಅಲ್ಲಿ ಎಲ್ಲಾ ಅಸಲಿ ಅಳತೆಯೇ. ಮಹಾರಾಣಿಯವರ ಬೋಗಿಯ ಕಿಟಕಿಯಲ್ಲಿ ಇಣುಕಿ ನೋಡಿ. ಮಕ್ಕಳು ಮಾತ್ರ ಅದನ್ನು ಬಿಟ್ಟು ಆಟದ ರೈಲಿನ ಕ್ಯೂಗೆ ಓಡುತ್ತವೆ.