ಮೊದಲು ಹೊಸ ಉದ್ರಿ ನಿಲ್ಲಿಸು, ತಮ್ಮಾ

ತಮ್ಮಾ, ನನ್ನನ್ನು ಅಕ್ಕಾ ಅಂತ ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ನಿನ್ನ ಮಾತು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಇದೇ ಪುಣೆಯಲ್ಲಿ, ಇದೇ ಲೆಕ್ಕ ಹಾಕುತ್ತಾ, ನಾನೂ ಒಂದು ಕಾಲದಲ್ಲಿ ಕೂತಿದ್ದೆ.

ನೀನು ಬರೆದದ್ದು ಇಷ್ಟು. ಹಾವೇರಿಯಿಂದ ಬಂದು ಹದಿನಾಲ್ಕು ತಿಂಗಳಾಯಿತು. ಹಿಂಜೆವಾಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಮೂವರು ಸೇರಿ ಬಾಡಿಗೆ ಮನೆ. ಕೈಗೆ ಬರುವುದು 52,000. ಮನೆಯ ಡಿಪಾಸಿಟ್, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಫ್ರಿಜ್, ವಾಷಿಂಗ್ ಮಷಿನ್, ಆಮೇಲೆ ತಂಗಿಯ ಮದುವೆ. ಎಲ್ಲಾ ಸೇರಿ ಮೂರು ಕ್ರೆಡಿಟ್ ಕಾರ್ಡಿನ ಮೇಲೆ 2,30,000 ಸಾಲ. ಮೂರಕ್ಕೂ ಮಿನಿಮಮ್, ಅಂದರೆ ಬಿಲ್ಲಿನಲ್ಲಿ ಕನಿಷ್ಠ ಇಷ್ಟಾದರೂ ಕಟ್ಟು ಅನ್ನುವ ಮೊತ್ತ, ತಪ್ಪದೆ ಕಟ್ಟುತ್ತೀಯ, ತಿಂಗಳಿಗೆ 11,500. ಆದರೂ ಸಾಲ ಇಳಿಯುತ್ತಿಲ್ಲ. ಒಂದೇ ಲೋನ್ ತಗೊಂಡು ಮೂರನ್ನೂ ಮುಚ್ಚಲೇ, ಸೆಟಲ್‌ಮೆಂಟ್ ಮಾಡಿಸಿ ಕಡಿಮೆಗೆ ಸಾಲ ಮುಗಿಸುತ್ತೇನೆ ಅನ್ನುವ ಏಜೆಂಟ್ ಹತ್ತಿರ ಹೋಗಲೇ, ಇಲ್ಲ ಊರಿಗೇ ವಾಪಸ್ ಹೋಗಲೇ ಅಂತ ಕೇಳಿದ್ದೀಯ.

ಊರಿಗೆ ಹೋಗುವ ಮಾತು ಸದ್ಯ ಬೇಡ. ಹಾವೇರಿಗೆ ಹೋದರೂ ಕಾರ್ಡಿನ ಬಿಲ್ ಬರುವುದು ನಿಲ್ಲುವುದಿಲ್ಲ, ಸಂಬಳ ಮಾತ್ರ ನಿಲ್ಲುತ್ತದೆ. ಪುಣೆಯಲ್ಲಿ ಮೊದಲ ವರ್ಷ ಎಲ್ಲರಿಗೂ ಕೈ ಕಚ್ಚುತ್ತದೆ. ಫ್ರಿಜ್ ಪ್ರತಿ ವರ್ಷ ಕೊಳ್ಳಬೇಕಿಲ್ಲ. ಹನ್ನೊಂದು ತಿಂಗಳ ಕರಾರು ಹೊಸದು ಮಾಡುವಾಗ ಮಾಲೀಕರ ಜೊತೆ ನೀನೇ ನೇರವಾಗಿ ಮಾತಾಡಿದರೆ ಬ್ರೋಕರ್ ದುಡ್ಡೂ ಉಳಿಯುತ್ತದೆ. ಈ ಊರು ನಿನ್ನನ್ನು ಓಡಿಸುತ್ತಿಲ್ಲ, ಓಡಿಸುತ್ತಿರುವುದು ಆ ಬಡ್ಡಿ.

ಬಡ್ಡಿಯ ಲೆಕ್ಕ ಒಮ್ಮೆ ನೋಡೋಣ. ನಿನ್ನ ಕಾರ್ಡುಗಳಿಗೆ ತಿಂಗಳಿಗೆ ನೂರಕ್ಕೆ ಮೂರೂವರೆ ಅಂದಿದ್ದೀಯ. ವರ್ಷಕ್ಕೆ ಶೇ. 42 ಆಯಿತು. 2,30,000ಕ್ಕೆ ಒಂದು ತಿಂಗಳ ಬಡ್ಡಿ 8,050. ಕಾರ್ಡಿನ ಬಡ್ಡಿ ಮೇಲೆ ಶೇ. 18 ಜಿಎಸ್‌ಟಿ ಬೇರೆ ಬೀಳುತ್ತದೆ, ಅದು 1,449. ಒಟ್ಟು 9,499. ನೀನು ಕಟ್ಟುವ 11,500ರಲ್ಲಿ ಇಷ್ಟು ಕಳೆದರೆ ಅಸಲಿಗೆ ಹೋಗುವುದು ಬರೀ ಎರಡು ಸಾವಿರ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಹಳೆ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿ ಇಲ್ಲದ ಆ ನಲವತ್ತೈದು ಐವತ್ತು ದಿನದ ಅವಕಾಶ ಇರುವುದಿಲ್ಲ. ಇವತ್ತು ಕಾರ್ಡ್ ಉಜ್ಜಿ 1,800 ರೂಪಾಯಿ ಕಿರಾಣಿ ತಂದರೆ, ಅದಕ್ಕೆ ಬಡ್ಡಿ ಇವತ್ತಿನಿಂದಲೇ ಶುರು. ಎಟಿಎಂನಿಂದ ಕಾರ್ಡ್ ಮೇಲೆ ದುಡ್ಡು ತೆಗೆದರಂತೂ ಶುಲ್ಕವೂ ಬೀಳುತ್ತದೆ, ಮೊದಲ ದಿನದಿಂದ ಬಡ್ಡಿಯೂ ಬೀಳುತ್ತದೆ.

ಈಗ ಇದೇ 2,30,000ಕ್ಕೆ ಶೇ. 16ರ ಪರ್ಸನಲ್ ಲೋನ್ ಸಿಕ್ಕಿತು ಅಂದುಕೋ, ಎರಡು ವರ್ಷಕ್ಕೆ. ಇಎಂಐ ಸುಮಾರು 11,260. ನೀನು ಈಗ ಮಿನಿಮಮ್ ಅಂತ ಕಟ್ಟುತ್ತಿರುವುದಕ್ಕಿಂತ ಸ್ವಲ್ಪ ಕಡಿಮೆಯೇ. ಆದರೆ ಇಲ್ಲಿ ಇಪ್ಪತ್ತನಾಲ್ಕನೇ ತಿಂಗಳಿಗೆ ಸಾಲ ಸೊನ್ನೆ. ಎರಡು ವರ್ಷದ ಪೂರಾ ಬಡ್ಡಿ ಸುಮಾರು 40,000. ಕಾರ್ಡಿನ ಮೇಲೆ ಅಷ್ಟು ಬಡ್ಡಿ ಐದೇ ತಿಂಗಳಿಗೆ ಹೋಗುತ್ತದೆ. ಪರ್ಸನಲ್ ಲೋನ್ ಬಡ್ಡಿಗೆ ಜಿಎಸ್‌ಟಿ ಇಲ್ಲ, ಪ್ರೊಸೆಸಿಂಗ್ ಫೀಗೆ ಮಾತ್ರ ಇದೆ. ನಿನ್ನ ಕಾರ್ಡಿನವರೇ ಬಾಕಿಯನ್ನು ಇಎಂಐ ಮಾಡಿಕೊಡುತ್ತೇವೆ ಅಂತ ಮೆಸೇಜ್ ಕಳಿಸುತ್ತಾರೆ. ದರ ನೋಡೋಕೆ ಒಂದೇ ಥರ ಕಂಡರೂ ಅದು ಕಾರ್ಡಿನ ಸಾಲವೇ, ಆ ಬಡ್ಡಿಗೆ ಪ್ರತಿ ತಿಂಗಳೂ ಶೇ. 18 ಜಿಎಸ್‌ಟಿ ಸೇರುತ್ತದೆ.

ಹಾಗಾಗಿ ಲೋನ್ ತಗೋ ಅನ್ನುವುದೇ ನನ್ನ ಉತ್ತರ. ಮೊದಲು ಸಂಬಳ ಬರುವ ಬ್ಯಾಂಕಿನಲ್ಲೇ ಕೇಳು. ನೀನು ಒಂದು ಕಂತೂ ತಪ್ಪಿಸಿಲ್ಲ, ಅದು ನಿನ್ನ ಕಡೆ ಇದೆ. ಹತ್ತು ಕಡೆ ಒಟ್ಟಿಗೆ ಅರ್ಜಿ ಹಾಕಬೇಡ, ಪ್ರತಿ ಅರ್ಜಿಯೂ ನಿನ್ನ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ನಿನ್ನ ಸಾಲಗಳ ಚರಿತ್ರೆಯ ಪಟ್ಟಿಯಲ್ಲಿ, ದಾಖಲಾಗುತ್ತದೆ. ಫೋನಿನಲ್ಲಿ ಯಾರಾದರೂ "ಸರ್, ಬರೀ ಹತ್ತು ಪರ್ಸೆಂಟ್" ಅಂದರೆ ಫ್ಲ್ಯಾಟ್ ರೇಟಾ, ರೆಡ್ಯೂಸಿಂಗಾ ಅಂತ ಕೇಳು. ಫ್ಲ್ಯಾಟ್ ಅಂದರೆ ಕೊನೆವರೆಗೂ ಮೊದಲಿನ ಪೂರಾ ಸಾಲದ ಮೇಲೆ ಬಡ್ಡಿ, ರೆಡ್ಯೂಸಿಂಗ್ ಅಂದರೆ ಉಳಿದ ಅಸಲಿನ ಮೇಲೆ ಮಾತ್ರ. ಎರಡು ವರ್ಷಕ್ಕೆ ಫ್ಲ್ಯಾಟ್ ಹತ್ತು ಅಂದರೆ ನಿಜದಲ್ಲಿ ಹದಿನೆಂಟರ ಹತ್ತಿರ. 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಬ್ಯಾಂಕಿನವರು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಹಾಳೆ ಕೊಡಲೇಬೇಕು. ಬಡ್ಡಿ, ಫೀ ಎಲ್ಲಾ ಸೇರಿ ವರ್ಷಕ್ಕೆ ಎಷ್ಟು ಬೀಳುತ್ತದೆ ಅಂತ ಅದರಲ್ಲಿ ಒಂದೇ ಅಂಕಿಯಲ್ಲಿ ಇರುತ್ತದೆ. ಆ ಹಾಳೆ ಓದದೆ ಸಹಿ ಹಾಕಬೇಡ. ಜೊತೆಗೆ ಇನ್ಶೂರೆನ್ಸ್ ಸೇರಿಸಿದ್ದಾರಾ ನೋಡು, ಬೇಡ ಅಂದರೆ ತೆಗೆಸು. ಮಧ್ಯದಲ್ಲಿ ಪೂರ್ತಿ ಕಟ್ಟಿದರೆ ಎಷ್ಟು ಶುಲ್ಕ ಅಂತಲೂ ಕೇಳಿಟ್ಟುಕೋ.

ಇಷ್ಟು ಸುಲಭವಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ.

2006ರಲ್ಲಿ ನಾನು ಗದಗದಿಂದ ಬಂದೆ. ಭೋಸರಿಯಲ್ಲಿ ಒಂದು ಕಂಪನಿಯ ಅಕೌಂಟ್ಸ್ ಕೆಲಸ. 2010ರಲ್ಲಿ ಎರಡು ಕಾರ್ಡಿನ 80,000 ಸಾಲವನ್ನು ಲೋನ್ ತೆಗೆದು ತೀರಿಸಿದೆ. ಆವತ್ತು ಎಷ್ಟು ಹಗುರ ಅನಿಸಿತ್ತು ಅಂದರೆ, ಬಸ್ಸಿನಲ್ಲಿ ಮನೆಗೆ ಬರುವಾಗ ಕಣ್ಣಲ್ಲಿ ನೀರು ಬಂತು. ಆದರೆ ಕಾರ್ಡುಗಳು ಪರ್ಸಿನಲ್ಲೇ ಇದ್ದವು, ಎರಡೂ ಖಾಲಿ. ಆ ದೀಪಾವಳಿಗೆ ಲಕ್ಷ್ಮಿ ರೋಡಿಗೆ ಹೋಗಿ ಮನೆಯವರಿಗೆಲ್ಲ ಬಟ್ಟೆ ತಂದೆ. ಆಮೇಲೆ ಅವ್ವನ ಕಣ್ಣಿನ ಆಪರೇಷನ್. ಆಮೇಲೆ ಏನೇನೋ. ಎಂಟು ತಿಂಗಳಲ್ಲಿ ಕಾರ್ಡಿನ ಮೇಲೆ ಮತ್ತೆ 60,000. ಲೋನಿನ ಇಎಂಐ ಒಂದು ಕಡೆ, ಕಾರ್ಡ್ ಇನ್ನೊಂದು ಕಡೆ. ಎರಡು ತಿಂಗಳು ಕಾರ್ಡಿಗೆ ಏನೂ ಕಟ್ಟಲಾಗಲಿಲ್ಲ. ವಸೂಲಿಯವರು ನನ್ನ ಫೋನ್ ಬಿಟ್ಟು ಗದಗಿನ ನಮ್ಮ ಅಂಗಡಿಗೆ ಫೋನ್ ಮಾಡಿದರು. ಅಪ್ಪನಿಗೆ ವಿಷಯ ಗೊತ್ತಾದದ್ದು ಹಾಗೆ, ಗಿರಾಕಿಗಳು ನಿಂತಿರುವಾಗ.

ಅಪ್ಪ ಫೋನಿನಲ್ಲಿ ಒಂದು ಮಾತೂ ಬೈಯಲಿಲ್ಲ. ಮೂರನೇ ದಿನ ಬೆಳಗ್ಗೆ ಸ್ವಾರಗೇಟ್‌ನಲ್ಲಿ ಬಸ್ ಇಳಿದು ಬಂದರು. ಚೀಲದಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ. ಚಹಾ ಕುಡಿದು, ಕನ್ನಡಕ ಹಾಕಿಕೊಂಡು, "ಆ ಕಾಗದ ಕೊಡು" ಅಂದರು. ಸ್ಟೇಟ್‌ಮೆಂಟನ್ನು ನೆಲದ ಮೇಲೆ ಹರಡಿ, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಅಪ್ಪನಿಗೆ ಇಂಗ್ಲಿಷ್ ಬರುವುದು ಅಷ್ಟಕ್ಕಷ್ಟೇ, ಅಂಕಿ ಮಾತ್ರ ಚೆನ್ನಾಗಿ ಬರುತ್ತಿತ್ತು. "ಇದರಾಗ ಅಸಲೆಷ್ಟು, ಬಡ್ಡಿ ಎಷ್ಟು?" ಅಂತ ಕೇಳಿದರು. ಅಕೌಂಟ್ಸ್ ಕೆಲಸ ಮಾಡುವ ನನಗೆ ಉತ್ತರ ಗೊತ್ತಿರಲಿಲ್ಲ. ನಾನು ಯಾವತ್ತೂ ಕೊನೆಯ ಸಾಲಿನ ಮಿನಿಮಮ್ ಮಾತ್ರ ನೋಡುತ್ತಿದ್ದೆ. ಆಮೇಲೆ ಅಪ್ಪ ಹೇಳಿದ ಮಾತು ಇದು: "ನೋಡವಾ, ಹಳೇ ಉದ್ರಿ ಕೊಡಾಕ ಬಂದೋರು ಹೋಗೂ ಮುಂದ ಮತ್ತ ಉದ್ರಿ ಒಯ್ದ್ರ, ಆ ಪುಟ ಎಂದೂ ಮುಗಿಯಂಗಿಲ್ಲ. ಮೊದ್ಲ ಹೊಸಾ ಉದ್ರಿ ನಿಂದರ್ಸು."

ಅಪ್ಪ ತಮ್ಮ ಪಿಗ್ಮಿ ಮುರಿದು 35,000 ಕೊಟ್ಟರು. ಉಳಿದದ್ದನ್ನು ನಾನು ಹೊರಗಿನಿಂದ ತರಿಸುತ್ತಿದ್ದ ಊಟದ ಡಬ್ಬಾ ಬಿಡಿಸಿ, ಮನೆಯಲ್ಲೇ ಅಡುಗೆ ಮಾಡಿಕೊಂಡು ಕಟ್ಟಿದೆ. ಒಂದು ಕಾರ್ಡ್ ಮುಚ್ಚಿಸಿದೆ, ಇನ್ನೊಂದನ್ನು ಅಪ್ಪನ ಕೈಗೇ ಕೊಟ್ಟು ಕಳಿಸಿದೆ. ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ, ಪ್ರತಿ 5ನೇ ತಾರೀಖು ಉಳಿದ ಅಸಲು ಎಷ್ಟು ಅಂತ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದೆ. ಹಾಲು ಒಂದು ಲೀಟರ್, ಸಾಲ 71,400. ಹಾಲು ಅರ್ಧ ಲೀಟರ್, ಸಾಲ 68,900. ಆ ಅಂಕಿ ಇಳಿಯುವುದು ಕಣ್ಣಿಗೆ ಕಾಣಿಸಬೇಕು ತಮ್ಮಾ, ಇಲ್ಲದಿದ್ದರೆ ಎರಡು ವರ್ಷ ತಾಳ್ಮೆ ಉಳಿಯುವುದಿಲ್ಲ.

ಅದಕ್ಕೇ ಹೇಳುವುದು. ಲೋನ್ ದುಡ್ಡು ಖಾತೆಗೆ ಬಂದ ದಿನವೇ ಮೂರೂ ಕಾರ್ಡಿಗೆ ಕಟ್ಟು, ಒಂದು ರಾತ್ರಿಯೂ ಇಟ್ಟುಕೊಳ್ಳಬೇಡ. ಬಿಲ್ಲಿನಲ್ಲಿರುವ ಮೊತ್ತ ಬೇರೆ, ಆವತ್ತಿನ ಮೊತ್ತ ಬೇರೆ. ಫೋನ್ ಮಾಡಿ ಆವತ್ತಿನದು ಎಷ್ಟು ಅಂತ ಕೇಳಿ ಕಟ್ಟು. ಆದರೂ ಮುಂದಿನ ತಿಂಗಳು ಉಳಿದ ಬಡ್ಡಿ ಅಂತ ಸಣ್ಣ ಬಿಲ್ ಬರಬಹುದು, ಅದನ್ನೂ ಕಟ್ಟಿಬಿಡು. ಸಣ್ಣದು ಅಂತ ಬಿಟ್ಟರೆ ಲೇಟ್ ಫೀ ಬೆಳೆಯುತ್ತದೆ. ಆಮೇಲೆ ಎರಡು ಕಾರ್ಡ್ ಮುಚ್ಚಿಸು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಬಾಕಿ ಇಲ್ಲದಿದ್ದರೆ ಕೇಳಿದ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ಅವರೇ ನಿನಗೆ ಕೊಡಬೇಕು. ಮುಚ್ಚಿದ್ದಕ್ಕೆ ಮೇಲ್ ಬರಲಿ, ಅದನ್ನು ಇಟ್ಟುಕೋ. ಎಲ್ಲಕ್ಕಿಂತ ಹಳೆಯ, ವರ್ಷದ ಫೀ ಇಲ್ಲದ ಒಂದು ಕಾರ್ಡ್ ಇರಲಿ, ಲಿಮಿಟ್ ಕಡಿಮೆ ಮಾಡಿಸು. ಫೋನಿನ ಆಪ್‌ಗಳಲ್ಲೆಲ್ಲ ಸೇವ್ ಆಗಿರುವ ಕಾರ್ಡ್ ನಂಬರ್ ಅಳಿಸು. ಇದು ಸಣ್ಣ ಕೆಲಸ ಅನಿಸುತ್ತದೆ, ಆದರೆ ಬಹಳ ಉಳಿಸುತ್ತದೆ.

ಇನ್ನು ಆ ಸೆಟಲ್‌ಮೆಂಟ್ ಏಜೆಂಟ್. ದಯವಿಟ್ಟು ಹೋಗಬೇಡ. ಆರು ತಿಂಗಳು ಏನೂ ಕಟ್ಟಬೇಡಿ, ಆಮೇಲೆ ಅರ್ಧಕ್ಕೆ ಮುಗಿಸುತ್ತೇವೆ ಅನ್ನುತ್ತಾರೆ, ಮೊದಲೇ ಫೀ ತಗೊಳ್ಳುತ್ತಾರೆ. ಆ ಆರು ತಿಂಗಳೂ ಫೋನ್ ಬರುವುದು ನಿನಗೆ, ಅವರಿಗಲ್ಲ. ಅರ್ಧಕ್ಕೆ ಮುಗಿದರೂ ರಿಪೋರ್ಟಿನಲ್ಲಿ ಕ್ಲೋಸ್ಡ್ ಅಂತ ಬರುವುದಿಲ್ಲ, ಸೆಟಲ್ಡ್ ಅಂತ ಬರುತ್ತದೆ. ನಾಳೆ ಮನೆ ಸಾಲ ಕೇಳಲು ಹೋದಾಗ ಆ ಒಂದು ಪದಕ್ಕೇ ಬ್ಯಾಂಕಿನವರು ಇಲ್ಲ ಅನ್ನಬಹುದು. ಕೆಲಸ ಹೋಗಿ, ಕಟ್ಟಲು ದಾರಿಯೇ ಇಲ್ಲದವರಿಗೆ ಅದು ಕೊನೆಯ ದಾರಿ. ಅವರೂ ಬ್ಯಾಂಕಿನ ಜೊತೆ ನೇರವಾಗಿ, ಫೀ ಇಲ್ಲದೆ ಮಾತಾಡಬಹುದು. ಬ್ಯಾಂಕಿನ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆ ದುಡ್ಡು ಕಟ್ಟಬೇಕು ಅಷ್ಟೇ. ನಿನಗೆ ಸಂಬಳ ಇದೆ.

ಮುಂದೆ ಯಾವತ್ತಾದರೂ ಕಂತು ತಪ್ಪಿ ವಸೂಲಿ ಫೋನ್ ಬಂದರೆ ಹೆದರಬೇಡ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಅವರು ಫೋನ್ ಮಾಡುವಂತಿಲ್ಲ, ಮನೆಯವರ ಮರ್ಯಾದೆ ತೆಗೆಯುವಂತಿಲ್ಲ. ಬ್ಯಾಂಕಿಗೆ ಬರೆದು ಕೊಡು. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ. ಆಗ ಇದೆಲ್ಲ ನನಗೆ ಗೊತ್ತಿದ್ದರೆ ಅಪ್ಪ ಅಂಗಡಿಯಲ್ಲಿ ಅಷ್ಟು ತಲೆ ತಗ್ಗಿಸಬೇಕಿರಲಿಲ್ಲ.

ಈಗ ನೀನು ಕೇಳದೇ ಇರುವ ಮಾತು. ತಿಂಗಳ ಕೊನೆಗೆ ಆರೇಳು ಸಾವಿರ ಕಾರ್ಡಿನಿಂದಲೇ ಹೋಗುತ್ತದೆ ಅಂತ ನೀನೇ ಬರೆದಿದ್ದೀಯ. ಊರಿಗೆ ಪ್ರತಿ ತಿಂಗಳು 12,000 ಕಳಿಸುತ್ತೇನೆ, ಮನೆಯಲ್ಲಿ ಸಾಲದ ವಿಷಯ ಗೊತ್ತಿಲ್ಲ ಅಂತಲೂ ಬರೆದಿದ್ದೀಯ. ಎರಡನ್ನೂ ಪಕ್ಕದಲ್ಲಿಟ್ಟು ನೋಡು. ಊರಿಗೆ ಹೋಗುವ ದುಡ್ಡಿನಲ್ಲಿ ಅರ್ಧ ನಿನ್ನ ಸಂಬಳದ್ದಲ್ಲ, ಕಾರ್ಡಿನದು. ನಿಮ್ಮಪ್ಪ ಶೇ. 42 ಬಡ್ಡಿಯ ದುಡ್ಡಿನಲ್ಲಿ ಹೊಲಕ್ಕೆ ಗೊಬ್ಬರ ತರುತ್ತಿದ್ದಾರೆ, ಅದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದರೆ ಯಾವ ಅಪ್ಪನೂ ಆ ದುಡ್ಡು ಮುಟ್ಟುವುದಿಲ್ಲ. ಒಂದು ವರ್ಷ 6,000 ಕಳಿಸುತ್ತೇನೆ ಅಂತ ಹೇಳು. ಆಗ ಕಾರ್ಡ್ ಉಜ್ಜುವ ಅಗತ್ಯವೇ ನಿಲ್ಲುತ್ತದೆ. ಹಾಗೆ ನಿಲ್ಲದಿದ್ದರೆ ಲೋನ್ ತಗೊಂಡೂ ಪ್ರಯೋಜನ ಇಲ್ಲ, ನಾನು ಬಿದ್ದ ಹಳ್ಳಕ್ಕೇ ನೀನೂ ಬೀಳುತ್ತೀಯ.

ಅವ್ವನ ಪಾಟ್ಲಿ, ಅಂದರೆ ಚಿನ್ನದ ಬಳೆ, ಅಡ ಇಟ್ಟರೆ ಹೇಗೆ ಅಂತಲೂ ಕೇಳಿದ್ದೀಯ. ಬಡ್ಡಿ ಕಡಿಮೆ ನಿಜ. ಆದರೆ ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ ಗಡುವಿಗೆ ಅಸಲು ಒಂದೇ ಸಲ ಕೇಳುತ್ತಾರೆ, ಕಟ್ಟದಿದ್ದರೆ ಹರಾಜು. ಬ್ಯಾಂಕು ಲೋನ್ ಕೊಡಲ್ಲ ಅಂದರೆ ಮಾತ್ರ ಆ ಯೋಚನೆ, ಅದೂ ತಿಂಗಳ ಕಂತಿನ ಮೇಲೆ.

ಗಣೇಶ ಚೌತಿಗೆ ಹೇಗೂ ಊರಿಗೆ ಹೋಗುತ್ತೀಯಲ್ವಾ? ಅಲ್ಲಿವರೆಗೆ ಲೋನಿನ ಹಾಳೆ ಕೈಯಲ್ಲಿರಲಿ. ಹಬ್ಬದ ದಿನ ಬೇಡ, ಮಾರನೇ ದಿನ ಬೆಳಗ್ಗೆ ಅಪ್ಪ ಒಬ್ಬರೇ ಇರುವಾಗ ಕೂತು ಹೇಳು. ಹೋಗುವ ಮುಂಚೆ ಮೂರೂ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿಕೋ, ಅಸಲು ಬೇರೆ, ಬಡ್ಡಿ ಬೇರೆ ಬಣ್ಣದಲ್ಲಿ ಗೆರೆ ಎಳೆದಿಡು. ಫೋನಿನಲ್ಲಿ ತೋರಿಸಬೇಡ, ಅವರ ಕಣ್ಣಿಗೆ ಅಕ್ಷರ ಬಹಳ ಸಣ್ಣದಾಗುತ್ತದೆ.